ತೋಡದ ಗುಂಡಿಗಳು

ಕಂದಾಯದ ಕಡತದಲ್ಲಿ ಈ ದಿನ್ನೆಗಿದ್ದ ಹೆಸರು
ಖರಾಬು.
ಅಂದರೆ ರಾಗಿ ಬೆಳೆಯದ್ದು, ತೆರಿಗೆ ಬಾರದ್ದು,
ಮಧುಗಿರಿಯಿಂದ ಜೀಪಲ್ಲಿ ಬಂದವರು
ಬಾಗಿಲು ತೆರೆಯದೇ ನೋಡಿ
"ಏನೂ ಇಲ್ಲವಲ್ಲ ಇಲ್ಲಿ" ಎಂದು ಹೋದದ್ದು.

ಏನೂ ಇಲ್ಲದ ಕಡೆ ಏನಾದರೂ ಇರಲೆಂದು
ಹದಿನಾರು ವರ್ಷದ ಹಿಂದೆ ನೀಲಗಿರಿ ನೆಡಿಸಿದರು.
ಗುಂಡಿ ತೋಡಿದವನು ನಾನು, ಜುಂಜಣ್ಣ.
ಗುಂಡಿಗೆ ಎಂಟು ರೂಪಾಯಿ,
ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ.
ಹಂಚಿಹುಲ್ಲಿನ ಬೇರು ಹಾರೆಗೆ ಸುತ್ತಿಕೊಂಡು
ಬಿಡಿಸಲು ಎರಡೂ ಕೈ ಬೇಕಾಗುತ್ತಿತ್ತು,
ಕೂಸು ಸೆರಗು ಹಿಡಿದ ಹಾಗೆ.

ಈಗ ಅದೇ ದಿನ್ನೆಗೆ ಹಸಿರು ಬೋರ್ಡು ಬಂದಿದೆ.
ಅದೇ ಇಲಾಖೆ, ಅದೇ ನಾನು,
ನೀಲಗಿರಿ ಬುಡ ಕೀಳುವುದಕ್ಕೆ ದಿನಗೂಲಿ.
ಯಾರೂ ನಗಲಿಲ್ಲ. ನಾನೊಬ್ಬನೇ ನಕ್ಕೆ,
ಅದೂ ತಾಯಿಬೇರಿಗೆ ಹಾರೆ ಸಿಕ್ಕಿ ಉಸಿರು ಕಟ್ಟಿದಾಗ.

ಗಸ್ತಿನ ಮುಬೀನಾ ಮೇಡಂ
ನಾನಿಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ಬರುತ್ತಾರೆ.
"ಕಾಲ್ಕೆಳಗೆ ನೋಡು ಜುಂಜಣ್ಣ."
ನೋಡಿದೆ: ಎಮ್ಮೆಯ ಗೊರಸಿನ ಗುಳಿ,
ಹೋದ ಮಳೆಗಾಲದ್ದು, ಒಣಗಿ ಗಟ್ಟಿಯಾದದ್ದು,
ಅದರೊಳಗೆ ನೆಲಗುಬ್ಬಿಯ ಎರಡು ಮೊಟ್ಟೆ.
ಗೊರಸಿನಷ್ಟು ಗುಂಡಿ ಸಾಕು ಅದಕ್ಕೆ.
ಎರಡಡಿ ಬೇಡ.

ದನ ಬಿಡಬೇಡಿರೆಂದು ಸಾಹೇಬರು ಬರೆದ ಕಾಗದಕ್ಕೆ
ಮೇಡಂ ಆ ಗೊರಸಿನ ಫೋಟೊ ಲಗತ್ತಿಸಿ ಕಳಿಸಿದರು.
ಉತ್ತರ ಬಂದಿಲ್ಲ. ದನ ಬರುತ್ತಿವೆ,
ಮೊಟ್ಟೆಯ ಕಾಲಕ್ಕೆ ಮಾತ್ರ ಕುಂಟೆಯ ಆಚೆ ಮಗ್ಗುಲಿಗೆ.
ಕಾಯುವ ಹುಡುಗರ ಜತೆ ಮಾತಾಗಿದೆ,
ಬೀಡಿ ಹಚ್ಚಿದ ಕಡ್ಡಿ ಜೇಬಿಗೇ ಹಾಕಬೇಕೆಂದೂ.

ತಾತ ಒಂದು ದೊಡ್ಡ ಹಕ್ಕಿಯ ಮಾತಾಡುತ್ತಿದ್ದ,
ಕುರಿಮರಿಯಷ್ಟೆತ್ತರ, ಗಂಟಲು ಊದಿಸಿ ಗುಮ್ಮೆನ್ನುತ್ತಿತ್ತಂತೆ.
ಹೆಸರು ಕೇಳಿಟ್ಟುಕೊಳ್ಳಲಿಲ್ಲ ನಾನು.
ತಾತ ಹೋದ.
ಮೊದಲು ಹೋದದ್ದು ಹಕ್ಕಿಯೋ ಹೆಸರೋ ತಿಳಿಯದು.
ಮೇಡಂ ಪುಸ್ತಕದ ಚಿತ್ರ ತೋರಿಸಿ ಇದೇನಾ ಎಂದರು.
ಹೌದೆನ್ನಲಾಗಲಿಲ್ಲ, ಅಲ್ಲವೆನ್ನಲೂ;
ನಾನು ನೋಡಿದ್ದು ತಾತನ ಊದಿದ ಗಂಟಲು ಮಾತ್ರ.

ದೀಪಾವಳಿ ಕಳೆದ ಮೇಲೆ ಸೆಳೆವಗಳು ಬರುತ್ತವೆ
ಯಾವುದೋ ಹಿಮ ಬೀಳುವ ಹುಲ್ಲುನಾಡಿಂದ,
ರೆಕ್ಕೆ ಬಡಿಯದೆ ತೆನೆಯ ತುದಿ ಸವರುತ್ತ.
ಕುಂಟೆಯಲ್ಲಿ ಪಟ್ಟೆತಲೆಯ ಬಾತುಗಳ ಪಂಚಾಯ್ತಿ ಮುಗಿದು
ಹೊತ್ತು ಮುಳುಗಿದರೆ
ಒಂದೊಂದೇ ಇಳಿದು ನೆಲದ ಮೇಲೇ ಮಲಗುತ್ತವೆ.
ಮರ ಬೇಡ ಅವಕ್ಕೆ.
ಮೊಣಕಾಲುದ್ದ ಹುಲ್ಲು, ಅಷ್ಟೆ.

ತಂಗಡಿ ಪೊದೆಯ ಹಿಂದೆ ಕೂತು ಎಣಿಸಿದೆವು.
ಹದಿನೇಳು. ಹೋದ ವರ್ಷ ಇಪ್ಪತ್ತಾರಿದ್ದವು.
ಬರೆದುಕೊಂಡು ಮೇಡಂ ಪೆನ್ನಿನ ತುದಿ ಕಚ್ಚಿದರು:
"ಇಷ್ಟು ದೊಡ್ಡ ದಿನ್ನೆಯಲ್ಲಿ
ಆ ಒಂದೆಕರೆಗೇ ಯಾಕೆ ಇಳಿಯುತ್ತವೆ ಜುಂಜಣ್ಣ,
ಅಲ್ಲಿ ಮಾತ್ರ ನೀಲಗಿರಿ ಯಾಕೆ ಹತ್ತಲಿಲ್ಲ?"

"ಕಲ್ಲು ಮೇಡಂ" ಎಂದೆ. "ಕೆಳಗೆ ಬರೀ ಕಲ್ಲು."

ಕಲ್ಲಲ್ಲ.
ಆ ವರ್ಷ ನನಗೆ ಚಳಿಜ್ವರ, ಹಾರೆ ಎತ್ತಲಾಗದು.
ಮೇಸ್ತ್ರಿ ರಸ್ತೆ ಬಿಟ್ಟು ಒಳಗೆ ಬರುವವನಲ್ಲ.
ನೆಡಬೇಕಾದ ಸಸಿ ಬಂಡಿಯಲ್ಲೇ ಒಣಗಿದವು.
ನಾನೂರು ಗುಂಡಿ ತೋಡಿದೆನೆಂದು ಹೆಬ್ಬೆಟ್ಟೊತ್ತಿ
ಮೂರು ಸಾವಿರದ ಇನ್ನೂರು ಎಣಿಸಿಕೊಂಡೆ.
ಅದರಲ್ಲೊಂದು ಟಗರು ತಂದೆ. ಕಾಲುಬಾಯಿ ಬಂದು ಸತ್ತಿತು.
ಲೆಕ್ಕ ಚುಕ್ತಾ ಆಯಿತು ಎಂದುಕೊಂಡಿದ್ದೆ.

ಪೂರಾ ಕತ್ತಲಾಗುವ ಮುಂಚೆ ಇನ್ನೊಂದು ಬಂತು,
ಒಂಟಿ, ದಣಿದದ್ದು,
ಎರಡು ಸುತ್ತು ಹಾಕಿ
ನಾನು ಕಳ್ಳನಾದ ಸಾಲುಗಳ ನಡುವೆ ಎಲ್ಲೋ
ಹುಲ್ಲು ಸರಿಸಿ ಕೂತಿತು.
ಮೇಡಂ ಪುಸ್ತಕ ಮಡಚಿದ್ದರು.
"ಇನ್ನೊಂದು ಸೇರಿಸಿ" ಎಂದೆ.
"ಸರಿಯಾಗಿ ನೋಡಿದೆಯಾ?"
"ನೋಡಿದೆ ಮೇಡಂ. ಈ ಲೆಕ್ಕ ಸುಳ್ಳಲ್ಲ."

ಯಾವ ಲೆಕ್ಕ ಸುಳ್ಳು ಎಂದು ಅವರು ಕೇಳಲಿಲ್ಲ.
ಹದಿನೇಳನ್ನು ಹೊಡೆದು ಹದಿನೆಂಟು ಬರೆದರು.